ಕರಡಿಯ ಮುಖದಲ್ಲಿ ನಾವು ಓದುವುದು

ಚಲನಚಿತ್ರ ಸಂಕಲನವನ್ನು ಕಲಿಯುತ್ತಿರುವ ನನ್ನ ಅಕ್ಕನ ಮಗಳಿಗೆ ತರಗತಿಯಲ್ಲಿ ಪ್ರಬಂಧವೊಂದನ್ನು ಬರೆಯಲು ಹೇಳಿದ್ದರು. ಕಾಡುಪ್ರಾಣಿಯು ಮನುಷ್ಯನಿಗೆ ಎದುರಾಗುವ ಗಳಿಗೆಯನ್ನು ಬೇರೆ ಬೇರೆ ನಿರ್ದೇಶಕರು ಹೇಗೆ ಕಟ್ಟಿದ್ದಾರೆ ಎಂಬುದು ಅದರ ವಿಷಯ. ಕರಡಿಯನ್ನು ಆರಿಸಿಕೊಂಡವಳು ಅವಳು, ಯಾವ ಚಿತ್ರಗಳನ್ನು ಯಾವ ಕ್ರಮದಲ್ಲಿ ನೋಡಬೇಕೆಂದು ಹೇಳಿದವನು ನಾನು. ರಜೆಯ ದಿನವೊಂದರಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಾವಿಬ್ಬರೂ ಪರದೆಯ ಮುಂದೆ ಕುಳಿತು, ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿ, ವಾದಿಸಿದೆವು. ನಾನು ಈ ಚಿತ್ರಗಳನ್ನು ಹಿಂದೆಯೂ ನೋಡಿದ್ದೆ; ಆದರೆ ಕತ್ತರಿಯ ಕೆಲಸ ಬಲ್ಲವರ ಪಕ್ಕದಲ್ಲಿ ಕುಳಿತು ನೋಡಿರಲಿಲ್ಲ.

ಮೊದಲು ನೋಡಿದ್ದು ಫ್ರೆಂಚ್ ನಿರ್ದೇಶಕ ಝಾನ್ ಝಾಕ್ ಅನೋ 1988ರಲ್ಲಿ ತೆರೆಗೆ ತಂದ ‘ದಿ ಬೇರ್’. ಇದಕ್ಕೆ ಆಧಾರ ಅಮೆರಿಕದ ಜೇಮ್ಸ್ ಆಲಿವರ್ ಕರ್ವುಡ್ 1916ರಲ್ಲಿ ಪ್ರಕಟಿಸಿದ ಕಾದಂಬರಿ. ಕರ್ವುಡ್ ಮೊದಲು ಬೇಟೆಗಾರನಾಗಿದ್ದು, ಆಮೇಲೆ ಕಾಡುಪ್ರಾಣಿಗಳ ರಕ್ಷಣೆಯ ಪರವಾಗಿ ನಿಂತವನು. ಕಥೆ ನಡೆಯುವುದು 1885ರ ಬ್ರಿಟಿಷ್ ಕೊಲಂಬಿಯಾದಲ್ಲಿ, ಚಿತ್ರೀಕರಣ ನಡೆದದ್ದು ಬಹುಮಟ್ಟಿಗೆ ಯುರೋಪಿನ ಡೊಲೊಮೈಟ್ಸ್ ಪರ್ವತಗಳಲ್ಲಿ. ಜೇನಿಗಾಗಿ ಅಗೆಯುತ್ತಿದ್ದ ತಾಯಿ ಕರಡಿ ಉರುಳಿಬಿದ್ದ ಬಂಡೆಗಳ ಕೆಳಗೆ ಸಿಕ್ಕಿ ಸಾಯುತ್ತದೆ. ಒಂಟಿಯಾದ ಮರಿ ಅಲೆಯುತ್ತ, ಬೇಟೆಗಾರರ ಗುಂಡಿನಿಂದ ಗಾಯಗೊಂಡ ದೊಡ್ಡ ಗಂಡು ಕರಡಿಯೊಂದರ ಬೆನ್ನು ಹತ್ತುತ್ತದೆ. ಮನುಷ್ಯರ ಮಾತು ಚಿತ್ರದಲ್ಲಿ ಬಹಳ ಕಡಿಮೆ. ಕ್ಯಾಮೆರಾ ಹೆಚ್ಚಿನ ಹೊತ್ತು ಮರಿಯ ಎತ್ತರಕ್ಕೇ ಇಳಿದಿರುತ್ತದೆ. ಕಪ್ಪೆ, ಅಣಬೆ, ಹರಿಯುವ ನೀರು, ಎಲ್ಲವೂ ಮರಿಗೆ ಎಷ್ಟು ದೊಡ್ಡದಾಗಿ ಕಾಣಬಹುದೋ ಅಷ್ಟೇ ದೊಡ್ಡದಾಗಿ ನಮಗೂ ಕಾಣುತ್ತವೆ.

ಚಿತ್ರದ ಹೃದಯವಿರುವುದು ಕೊನೆಯ ಭಾಗದ ಒಂದು ದೃಶ್ಯದಲ್ಲಿ. ಆ ಗಂಡು ಕರಡಿಗೆ ಗುಂಡು ಹಾರಿಸಿದ್ದ ಕಿರಿಯ ಬೇಟೆಗಾರ ಬಂದೂಕು ಕೈಗೆ ಸಿಗದಂಥ ಜಾಗದಲ್ಲಿ, ಬಂಡೆಯ ಇಕ್ಕಟ್ಟಿನಲ್ಲಿ, ಅದೇ ಕರಡಿಯ ಎದುರಿಗೆ ಸಿಕ್ಕಿಬೀಳುತ್ತಾನೆ. ಕರಡಿ ಗರ್ಜಿಸುತ್ತದೆ, ಅವನು ಕುಸಿದು ಮುದುಡಿಕೊಳ್ಳುತ್ತಾನೆ. ಕರಡಿ ಅವನನ್ನು ನೋಡುತ್ತದೆ, ಮತ್ತೆ ಗರ್ಜಿಸುತ್ತದೆ, ಕೊನೆಗೆ ತಿರುಗಿ ಹೊರಟುಹೋಗುತ್ತದೆ. ಈ ದೃಶ್ಯವನ್ನು ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಕ್ಷಮೆ ಎಂಬುದನ್ನು ಪರದೆಯ ಮೇಲೆ ಇಷ್ಟು ನೇರವಾಗಿ ತೋರಿಸಿದ ಚಿತ್ರಗಳು ನನಗೆ ಹೆಚ್ಚು ಗೊತ್ತಿಲ್ಲ.

ಅವಳು ರಿಮೋಟ್ ಕೈಗೆತ್ತಿಕೊಂಡು ಧ್ವನಿಯನ್ನು ಪೂರ್ತಿ ನಿಲ್ಲಿಸಿ, ಅದೇ ದೃಶ್ಯವನ್ನು ಮೊದಲಿನಿಂದ ಹಾಕಿದಳು. “ಮಾಮ, ಈಗ ಕರಡಿಯನ್ನಷ್ಟೇ ನೋಡಿ, ಆ ಮನುಷ್ಯನನ್ನು ನೋಡಬೇಡಿ,” ಎಂದಳು. ನೋಡಿದೆ. ಕರಡಿ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ತಲೆಯನ್ನು ತುಸು ವಾಲಿಸುತ್ತದೆ. ಎತ್ತಲೋ ನೋಡುತ್ತದೆ. ಅದರ ಮುಖದಲ್ಲಿ ಸಿಟ್ಟಾಗಲಿ, ಸಿಟ್ಟು ಇಳಿದು ಮೂಡಿದ ಕನಿಕರವಾಗಲಿ ಇರಲಿಲ್ಲ. ಅವೆರಡೂ ಇದ್ದದ್ದು ನಡುನಡುವೆ ಜೋಡಿಸಿದ ಬೇಟೆಗಾರನ ಮುಖದಲ್ಲಿ, ಆಮೇಲೆ ಸೇರಿಸಿದ ಗರ್ಜನೆಯಲ್ಲಿ ಮತ್ತು ಪ್ರತಿಯೊಂದು ಚಿತ್ರಿಕೆ (ಶಾಟ್) ಎಷ್ಟು ಹೊತ್ತು ನಿಲ್ಲಬೇಕೆಂದು ನಿರ್ಧರಿಸಿದ ಸಂಕಲನಕಾರರ ಕೈಯಲ್ಲಿ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಲೆವ್ ಕುಲೆಶೊವ್ ನಟನೊಬ್ಬನ ಭಾವವಿಲ್ಲದ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಮೊದಲಾದ ಬೇರೆ ಬೇರೆ ಚಿತ್ರಿಕೆಗಳ ಪಕ್ಕದಲ್ಲಿಟ್ಟು ತೋರಿಸಿದನೆಂದೂ, ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರೆಂದೂ ಅವಳು ವಿವರಿಸಿದಳು. ಮನುಷ್ಯನ ಮುಖದ ವಿಷಯದಲ್ಲಿಯೇ ಹೀಗಾಗುವುದಾದರೆ, ಮುಖದಿಂದ ನಮ್ಮೊಡನೆ ಏನನ್ನೂ ಹೇಳದ ಕರಡಿಯ ವಿಷಯದಲ್ಲಿ ನಾವು ಕಾಣುವುದೆಲ್ಲವೂ ಪಕ್ಕದ ಚಿತ್ರಿಕೆಯಿಂದ ಬಂದದ್ದೇ ಎಂಬುದು ಅವಳ ವಾದ.

ಆ ಗಂಡು ಕರಡಿಯ ಪಾತ್ರದಲ್ಲಿದ್ದುದು ಬಾರ್ಟ್ ಎಂಬ ಹೆಸರಿನ ಕೋಡಿಯಾಕ್ ಕರಡಿ. 1977ರಲ್ಲಿ ಮೃಗಾಲಯವೊಂದರಲ್ಲಿ ಹುಟ್ಟಿ, ಅಮೆರಿಕದ ಯೂಟಾದಲ್ಲಿ ಡಗ್ ಸೂಸ್ ಎಂಬ ತರಬೇತುದಾರನ ಬಳಿ ಬೆಳೆದು, 2000ದಲ್ಲಿ ತೀರಿಕೊಳ್ಳುವವರೆಗೆ ಅದು ಹಲವು ಪ್ರಸಿದ್ಧ ಚಿತ್ರಗಳಲ್ಲಿ ಕಾಣಿಸಿಕೊಂಡಿತು. 1997ರ ‘ದಿ ಎಡ್ಜ್’ ಚಿತ್ರದಲ್ಲಿ ಆ್ಯಂಟನಿ ಹಾಪ್ಕಿನ್ಸ್ ಅವರನ್ನು ಬೆನ್ನಟ್ಟುವ ನರಭಕ್ಷಕ ಕರಡಿಯೂ ಇದೇ ಬಾರ್ಟ್. ಒಂದೇ ಪ್ರಾಣಿ, ಒಂದೇ ಮೂತಿ, ಕಲಿತದ್ದೂ ಅದೇ ವಿದ್ಯೆ: ಹಿಂಗಾಲುಗಳ ಮೇಲೆ ನಿಲ್ಲುವುದು, ಸೂಚನೆ ಕೊಟ್ಟಾಗ ಬಾಯಿ ತೆರೆಯುವುದು. ಒಂದು ಚಿತ್ರದಲ್ಲಿ ಅದು ಕ್ಷಮಿಸುವ ದೊಡ್ಡ ಜೀವ, ಇನ್ನೊಂದರಲ್ಲಿ ಮನುಷ್ಯರ ರಕ್ತದ ರುಚಿ ಹತ್ತಿದ ಶತ್ರು. ಅವಳ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಹಾಗೆ ನೋಡಿದರೆ, ಹಿಂಗಾಲುಗಳ ಮೇಲೆ ನಿಲ್ಲುವ ಭಂಗಿಯೇ ಸಿನಿಮಾದವರು ತಲೆಕೆಳಗು ಮಾಡಿದ ಸಂಗತಿ. ಕಾಡಿನಲ್ಲಿ ಕರಡಿ ಎದ್ದು ನಿಲ್ಲುವುದು ಹೆಚ್ಚಾಗಿ ಗಾಳಿಯಲ್ಲಿ ಬಂದ ವಾಸನೆ ಯಾವುದೆಂದು ತಿಳಿಯಲು, ದೂರದಲ್ಲಿರುವುದೇನೆಂದು ನೋಡಲು. ನಿಜವಾಗಿ ಕೆರಳಿದ ಕರಡಿ ನಾಲ್ಕೂ ಕಾಲುಗಳ ಮೇಲಿದ್ದು, ಕಿವಿಗಳನ್ನು ಹಿಂದಕ್ಕೆ ಮಡಿಸಿ, ಬುಸುಗುಟ್ಟುತ್ತ, ದವಡೆಗಳನ್ನು ಕಟಕಟ ಕಡಿಯುತ್ತದೆ. ಎಷ್ಟೋ ಭಯಾನಕ ಚಿತ್ರಗಳ ಭಿತ್ತಿಪತ್ರಗಳಲ್ಲಿ ನಮ್ಮನ್ನು ಹೆದರಿಸಲು ಎದ್ದು ನಿಂತಿರುವ ಕರಡಿ, ಅದರ ಭಾಷೆಯಲ್ಲಿ ಹೇಳುವುದಾದರೆ, ನಾವು ಯಾರೆಂದು ವಿಚಾರಿಸುತ್ತಿದೆ.

ಬಾರ್ಟ್‌ನ ಖ್ಯಾತಿಯಿಂದ ಒಂದು ಒಳ್ಳೆಯ ಕೆಲಸವೂ ಆಯಿತೆಂಬುದನ್ನು ಇಲ್ಲಿ ಹೇಳಲೇಬೇಕು. ಡಗ್ ಸೂಸ್ ಮತ್ತು ಅವರ ಪತ್ನಿ 1990ರಲ್ಲಿ ‘ವೈಟಲ್ ಗ್ರೌಂಡ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಗ್ರಿಜ್ಲಿ ಕರಡಿಗಳು ಓಡಾಡುವ ನೆಲವನ್ನು ಉಳಿಸುವುದು ಅದರ ಉದ್ದೇಶ. ಪರದೆಯ ಮೇಲಿನ ಕರಡಿಯೊಂದರ ದೆಸೆಯಿಂದ ಪರದೆಯನ್ನೇ ಕಾಣದ ಕರಡಿಗಳಿಗೆ ನೆಲ ಉಳಿದದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಊಟದ ನಂತರ ಹಾಕಿದ್ದು ವರ್ನರ್ ಹರ್ಟ್ಸೋಗ್ ಅವರ 2005ರ ಸಾಕ್ಷ್ಯಚಿತ್ರ ‘ಗ್ರಿಜ್ಲಿ ಮ್ಯಾನ್’. ಟಿಮೊಥಿ ಟ್ರೆಡ್‌ವೆಲ್ ಎಂಬಾತ ಹದಿಮೂರು ಬೇಸಿಗೆಗಳನ್ನು ಅಲಾಸ್ಕದ ಕಟ್ಮೈ ರಾಷ್ಟ್ರೀಯ ಉದ್ಯಾನದ ಕರಡಿಗಳ ನಡುವೆ ಕಳೆದ. ಕೊನೆಯ ವರ್ಷಗಳಲ್ಲಿ ತಾನೇ ನೂರು ಗಂಟೆಗೂ ಹೆಚ್ಚಿನ ದೃಶ್ಯಗಳನ್ನು ಚಿತ್ರೀಕರಿಸಿದ. 2003ರ ಅಕ್ಟೋಬರ್‌ನಲ್ಲಿ ಅವನನ್ನೂ ಜೊತೆಗಿದ್ದ ಗೆಳತಿ ಏಮಿ ಹ್ಯೂಗೆನಾರ್ಡ್‌ಳನ್ನೂ ಕರಡಿ ಕೊಂದಿತು. ಹರ್ಟ್ಸೋಗ್ ಆ ದೃಶ್ಯರಾಶಿಯಿಂದಲೇ ತಮ್ಮ ಚಿತ್ರವನ್ನು ಕಟ್ಟಿದ್ದಾರೆ. ಬೆಳಗಿನ ಚಿತ್ರದ ಸುಖದಲ್ಲಿದ್ದವರಿಗೆ ಇದು ನೆಲಕ್ಕೆ ತಂದು ನಿಲ್ಲಿಸುವಂಥ ಚಿತ್ರ. ‘ದಿ ಬೇರ್’ನಲ್ಲಿ ಗಂಡು ಕರಡಿ ಅನಾಥ ಮರಿಯನ್ನು ಸಾಕುತ್ತದೆ, ಇಲ್ಲಿ ಗಂಡು ಕರಡಿ ಕೊಂದ ಮರಿಯೊಂದರ ಅವಶೇಷದ ಮುಂದೆ ಟ್ರೆಡ್‌ವೆಲ್ ಕಂಗಾಲಾಗುತ್ತಾನೆ. ಗಂಡು ಕರಡಿ ಮರಿಗಳನ್ನು ಸಾಕುವುದಿಲ್ಲ, ಕೆಲವೊಮ್ಮೆ ಕೊಲ್ಲುತ್ತದೆ. ಮರಿ ಸತ್ತು ಹಾಲು ನಿಂತ ತಾಯಿ ಮತ್ತೆ ಬೆದೆಗೆ ಬರುತ್ತದೆ. ಅಕ್ಕನ ಮಗಳು ಬೆಳಿಗ್ಗೆ ನೋಡಿದ್ದರ ಬಗ್ಗೆ ಮೋಸಹೋದವಳಂತೆ ಮಾತನಾಡತೊಡಗಿದಳು. ನನಗೆ ಹಾಗೆನಿಸಲಿಲ್ಲ, ಆದರೆ ಅವಳ ನೋವು ನಿಜವಾದದ್ದಾಗಿತ್ತು.

ಚಿತ್ರದಲ್ಲಿ ಕರಡಿಯೊಂದರ ಮುಖ ಪರದೆಯನ್ನು ತುಂಬಿಕೊಂಡು ಬಹಳ ಹೊತ್ತು ನಿಲ್ಲುತ್ತದೆ. ಅದರ ಮೇಲೆ ಹರ್ಟ್ಸೋಗ್ ಅವರ ಧ್ವನಿ ಬರುತ್ತದೆ: ಟ್ರೆಡ್‌ವೆಲ್ ಚಿತ್ರೀಕರಿಸಿದ ಯಾವ ಕರಡಿಯ ಮುಖದಲ್ಲಿಯೂ ತಮಗೆ ಬಂಧುತ್ವವಾಗಲಿ, ಕರುಣೆಯಾಗಲಿ ಕಾಣಲಿಲ್ಲವೆಂದೂ, ಕಂಡದ್ದು ಪ್ರಕೃತಿಯ ಅಗಾಧವಾದ ನಿರ್ಲಕ್ಷ್ಯ ಮಾತ್ರವೆಂದೂ ಅವರು ಹೇಳುತ್ತಾರೆ. ಇದು ಬಹಳ ಪ್ರಸಿದ್ಧವಾದ ಮಾತು. ಟ್ರೆಡ್‌ವೆಲ್‌ನ ಭಾವುಕತೆಗೆ ಎದುರಾಗಿ ನಿಲ್ಲುವ ವಿವೇಕದ ಧ್ವನಿ ಅದು ಎಂದೇ ನಾನು ತಿಳಿದಿದ್ದೆ. ಅವಳು ಮತ್ತೆ ಧ್ವನಿ ನಿಲ್ಲಿಸಿದಳು. ಪರದೆಯ ಮೇಲೆ ಉಳಿದದ್ದು ಒಂದು ಕರಡಿಯ ಮುಖ, ಸಣ್ಣ ಕಣ್ಣುಗಳು, ಅಲುಗುವ ಮೂಗಿನ ಹೊಳ್ಳೆಗಳು. ನಿರ್ಲಕ್ಷ್ಯವೂ ಅಲ್ಲಿರಲಿಲ್ಲ. ಅನೋ ಕತ್ತರಿಯಿಂದ ಮಾಡಿದ್ದನ್ನು ಹರ್ಟ್ಸೋಗ್ ಮಾತಿನಿಂದ ಮಾಡಿದ್ದರು. ಟ್ರೆಡ್‌ವೆಲ್‌ಗೆ ಅದೇ ಮುಖದಲ್ಲಿ ಸ್ನೇಹಿತ ಕಂಡಿದ್ದ, ಹರ್ಟ್ಸೋಗ್‌ಗೆ ಅದರಲ್ಲಿ ಶೂನ್ಯ ಕಂಡಿತು, ಕರಡಿ ಮಾತ್ರ ಇಬ್ಬರಿಗೂ ಸಿಗದೆ ತನ್ನ ಪಾಡಿಗೆ ವಾಸನೆ ಹಿಡಿಯುತ್ತಿತ್ತು. ಕರಡಿ ಜಗತ್ತನ್ನು ತಿಳಿಯುವುದು ಮುಖ್ಯವಾಗಿ ಮೂಗಿನಿಂದ. ಕ್ಯಾಮೆರಾ ಹಿಡಿಯಲಾರದ್ದು ಅದೊಂದನ್ನೇ.

ಹಾಗಿದ್ದರೂ ಆ ದಿನದ ಚಿತ್ರಗಳಲ್ಲಿ ಕರಡಿ ಕರಡಿಯಾಗಿಯೇ ಕಂಡದ್ದು ಇದರಲ್ಲಿ, ಅದೂ ಯಾರೂ ಏನನ್ನೂ ಹೇಳದ ಭಾಗಗಳಲ್ಲಿ. ಎರಡು ದೊಡ್ಡ ಗಂಡು ಕರಡಿಗಳು ಹೆಣ್ಣಿಗಾಗಿ ಕಾದಾಡಿ ನೆಲವನ್ನು ಕಿತ್ತುಹಾಕುವ ದೃಶ್ಯವಿದೆ. ಮಳೆ ಬಾರದೆ ಹೊಳೆ ಬತ್ತಿ, ಸಾಲ್ಮನ್ ಮೀನುಗಳು ಮೇಲಕ್ಕೆ ಬರಲಾರದೆ, ಕರಡಿಗಳು ಹಸಿದಿರುವ ದಿನಗಳಿವೆ. ಕೊನೆಯ ದಿನಗಳ ದೃಶ್ಯವೊಂದರಲ್ಲಿ ಕರಡಿಯೊಂದು ಸರೋವರದ ತಳದಲ್ಲಿ ಬಿದ್ದಿರುವ ಸತ್ತ ಮೀನಿಗಾಗಿ ಮತ್ತೆ ಮತ್ತೆ ಮುಳುಗುತ್ತದೆ. ಚಳಿಗಾಲದ ದೀರ್ಘ ನಿದ್ರೆಗೆ ಮುಂಚೆ ಕೊಬ್ಬನ್ನು ಕೂಡಿಸಿಕೊಳ್ಳಲೇಬೇಕಾದ ಪ್ರಾಣಿಯ ಅಕ್ಟೋಬರ್ ತಿಂಗಳು ಹೇಗಿರುತ್ತದೆಂಬುದನ್ನು ಆ ಒಂದು ದೃಶ್ಯ ತಿಳಿಸುತ್ತದೆ. ಆ ಸಾವುಗಳು ಏಕೆ ಆ ತಿಂಗಳಿನಲ್ಲಿ ಸಂಭವಿಸಿದವು ಎಂಬುದರ ಅರ್ಧ ಉತ್ತರವೂ ಅದರಲ್ಲಿದೆ. ತಿನ್ನುವ ಕರಡಿಯನ್ನು ತಾಳ್ಮೆಯಿಂದ ತೋರಿಸಿದ ಚಿತ್ರವನ್ನು ನಾನು ನಂಬುತ್ತೇನೆ. ಗರ್ಜಿಸುವ ಕರಡಿಯನ್ನು ಮಾತ್ರ ತೋರಿಸಿದ್ದನ್ನು ನಂಬುವುದಿಲ್ಲ.

ದಾಳಿ ನಡೆದಾಗ ಕ್ಯಾಮೆರಾ ಚಾಲನೆಯಲ್ಲಿತ್ತು, ಮಸೂರದ ಮುಚ್ಚಳ ಮಾತ್ರ ತೆಗೆದಿರಲಿಲ್ಲ. ಆದ್ದರಿಂದ ಉಳಿದದ್ದು ಧ್ವನಿಯಷ್ಟೇ. ಹರ್ಟ್ಸೋಗ್ ಅದನ್ನು ನಮಗೆ ಕೇಳಿಸುವುದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವರೊಬ್ಬರೇ ಕೇಳುತ್ತಾರೆ, ಅವರ ಎದುರಿಗೆ ಕುಳಿತಿರುವ ಟ್ರೆಡ್‌ವೆಲ್‌ನ ಹಳೆಯ ಗೆಳತಿಯ ಮುಖ ನಮಗೆ ಕಾಣುತ್ತದೆ, ಕೇಳಿ ಮುಗಿದ ಮೇಲೆ ಆ ಧ್ವನಿಮುದ್ರಿಕೆಯನ್ನು ನಾಶ ಮಾಡಿಬಿಡಲು ಅವರು ಆಕೆಗೆ ಹೇಳುತ್ತಾರೆ. ಧ್ವನಿಯನ್ನು ನಿಲ್ಲಿಸಿ ನೋಡುತ್ತಿದ್ದ ನಮ್ಮ ಮುಂದೆ ನಿರ್ದೇಶಕರೇ ಧ್ವನಿಯನ್ನು ನಿಲ್ಲಿಸಿದ್ದರು. ಇಬ್ಬರೂ ಸ್ವಲ್ಪ ಹೊತ್ತು ಚಿತ್ರವನ್ನು ಮುಂದುವರಿಸಲಿಲ್ಲ. ಸತ್ತವರ ಘನತೆಯನ್ನು ಕಾಪಾಡಿದ ಆ ನಿರ್ಧಾರಕ್ಕಾಗಿ ನಾನು ಹರ್ಟ್ಸೋಗ್ ಅವರನ್ನು ಯಾವಾಗಲೂ ಗೌರವಿಸುತ್ತೇನೆ.

ರಾತ್ರಿ ನೋಡಿದ್ದು ಇನ್ಯಾರಿತು ನಿರ್ದೇಶಿಸಿದ 2015ರ ‘ದಿ ರೆವನೆಂಟ್’. ಇದರ ಮೂಲ 1823ರಲ್ಲಿ, ಈಗಿನ ಸೌತ್ ಡಕೋಟಾದಲ್ಲಿ, ಹ್ಯೂ ಗ್ಲಾಸ್ ಎಂಬ ಬೇಟೆಗಾರನ ಮೇಲೆ ನಡೆದ ದಾಳಿ. ಇಲ್ಲಿ ಅವಳ ಸಿದ್ಧಾಂತ ಸ್ವಲ್ಪ ಅಲುಗಾಡಿತು, ಏಕೆಂದರೆ ದಾಳಿಯ ದೃಶ್ಯದಲ್ಲಿ ಕತ್ತರಿಯೇ ಇಲ್ಲವೆಂಬಂತೆ ಕ್ಯಾಮೆರಾ ಒಂದೇ ಉಸಿರಿನಲ್ಲಿ ಚಲಿಸುತ್ತದೆ. ಮೊದಲು ಮರಿಗಳು ಕಾಣುತ್ತವೆ, ಆಮೇಲೆ ತಾಯಿ. ತಾಯಿ ಅವನನ್ನು ಕೆಡವುತ್ತದೆ, ಬಿಟ್ಟು ಹೋಗುತ್ತದೆ, ಅವನು ಅಲುಗಿದಾಗ ಮರಳಿ ಬರುತ್ತದೆ, ಮೂಸುತ್ತದೆ. ಅದರ ಉಸಿರಿನ ಹಬೆ ಮಸೂರದ ಮೇಲೆ ಕೂರುತ್ತದೆ. ದ್ವೇಷದ ಸುಳಿವೂ ಇಲ್ಲ. ಮರಿಗಳಿಗೆ ಅಪಾಯವೆಂದು ಕಂಡದ್ದು ಅಲುಗದಂತಾಗುವವರೆಗೆ ಮಾತ್ರ ಅದರ ಕೆಲಸ. ನಾನು ಕಂಡ ಕಥಾಚಿತ್ರಗಳ ದಾಳಿಗಳಲ್ಲಿ ಕರಡಿಯ ನಡವಳಿಕೆಗೆ ಇಷ್ಟು ಹತ್ತಿರವಾದದ್ದು ಇನ್ನೊಂದಿಲ್ಲ, ಆದರೆ ಆ ಕರಡಿ ಅಲ್ಲಿ ಇರಲೇ ಇಲ್ಲ: ನೀಲಿ ಉಡುಪು ತೊಟ್ಟ ಸಾಹಸ ಕಲಾವಿದನೊಬ್ಬ ನಟನನ್ನು ಎಳೆದಾಡಿದ, ಕರಡಿಯನ್ನು ಕಂಪ್ಯೂಟರಿನಲ್ಲಿ ರಚಿಸಿ ಸೇರಿಸಿದರು. ಹೀಗೆ ಮಾಡಿದ್ದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಒಂದು ದೃಶ್ಯಕ್ಕಾಗಿ ಪ್ರಾಣಿಯನ್ನು ಬೋನಿನಲ್ಲಿ ಸಾಕಬೇಕಾದ ಕಾಲ ಮುಗಿಯಬೇಕು, ಬಾರ್ಟ್‌ನಂಥ ಪ್ರೀತಿಯ ಆರೈಕೆ ಎಲ್ಲ ಪ್ರಾಣಿಗಳಿಗೂ ಸಿಗುವುದಿಲ್ಲ.

ನರಭಕ್ಷಕ ಶಾರ್ಕ್‌ನ ಕಥೆಯಾದ ‘ಜಾಸ್’ ಚಿತ್ರದ ಮರುವರ್ಷ ಬಂದ ‘ಗ್ರಿಜ್ಲಿ’ಯಂಥ ಭಯಾನಕ ಚಿತ್ರಗಳನ್ನು ನಾವು ಪಟ್ಟಿಯಿಂದಲೇ ಬಿಟ್ಟಿದ್ದೆವು. 2023ರ ‘ಕೊಕೇನ್ ಬೇರ್’ ಬಗ್ಗೆ ಮಾತ್ರ ಅವಳು ಕೇಳಿದಳು, ಅವಳ ಸಹಪಾಠಿಗಳೆಲ್ಲ ನಕ್ಕು ನೋಡಿದ ಚಿತ್ರ ಅದು. ಅದರ ಹಿಂದಿನ ಸಂಗತಿಯನ್ನು ಹೇಳಿದೆ. 1985ರಲ್ಲಿ ಕಳ್ಳಸಾಗಣೆದಾರನೊಬ್ಬ ವಿಮಾನದಿಂದ ಎಸೆದ ಮಾದಕವಸ್ತುವನ್ನು ಅಮೆರಿಕದ ಜಾರ್ಜಿಯಾದ ಕಾಡಿನಲ್ಲಿ ಕಪ್ಪು ಕರಡಿಯೊಂದು ತಿಂದಿತು. ಅದು ಯಾರನ್ನೂ ಬೆನ್ನಟ್ಟಿದ, ಯಾರನ್ನೂ ಕೊಂದ ದಾಖಲೆಯಿಲ್ಲ; ಸತ್ತುಬಿದ್ದದ್ದು ಸಿಕ್ಕಿತು, ಅಷ್ಟೇ. ಮನುಷ್ಯನ ಅಪರಾಧಕ್ಕೆ ಬಲಿಯಾದ ಪ್ರಾಣಿಯನ್ನು ತೆರೆಯ ಮೇಲೆ ಕೊಲೆಗಾರನನ್ನಾಗಿ ಮಾಡಿದ್ದನ್ನು ನಗುತ್ತ ನೋಡಲು ನನ್ನಿಂದ ಆಗುವುದಿಲ್ಲ.

ಮಲಗುವ ಮುನ್ನ ಅವಳು ಪ್ರಬಂಧದ ಚೌಕಟ್ಟನ್ನು ಹೇಳಿದಳು. ‘ದಿ ಬೇರ್’ ಸುಂದರವಾದ ಸುಳ್ಳು ಎಂದು ಅವಳು ಬರೆಯುವವಳಿದ್ದಳು. ನಾನು ಒಪ್ಪಲಿಲ್ಲ. ಕರಡಿಗೆ ಕ್ಷಮೆಯನ್ನು ಅಂಟಿಸಿದ್ದು ಸುಳ್ಳಿರಬಹುದು. ಆದರೆ ಆ ದೃಶ್ಯದ ನಂತರ ಬಂದೂಕು ಕೈಗೆ ಸಿಕ್ಕರೂ ಆ ಬೇಟೆಗಾರ ಕರಡಿಯನ್ನು ಹೊಡೆಯುವುದಿಲ್ಲ, ತನ್ನ ಜೊತೆಗಾರನನ್ನೂ ತಡೆಯುತ್ತಾನೆ. ಮನುಷ್ಯನ ಮುಖವನ್ನು ಓದುವುದರಲ್ಲಿ ನಾವು ತಪ್ಪಿಲ್ಲ, ಬದಲಾದವನು ಅವನು, ಚಿತ್ರ ಹೇಳುತ್ತಿರುವುದು ಅವನ ಬಗ್ಗೆ ಎಂದೆ. ಅವಳು ತಲೆಯಾಡಿಸಿದಳೇ ಹೊರತು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನೊಂದನ್ನು ಮಾತ್ರ ಬರೆಯಲೇಬೇಕೆಂದು ನಾನು ಕೇಳಿಕೊಂಡೆ. ಕಟ್ಮೈನಲ್ಲಿ ಮೃತರ ಅವಶೇಷಗಳನ್ನು ತರಲು ಹೋದ ಸಿಬ್ಬಂದಿ ಅಂದು ಎರಡು ಕರಡಿಗಳನ್ನು ಗುಂಡಿಕ್ಕಿ ಕೊಂದರು. ತಮ್ಮನ್ನು ರಕ್ಷಿಸಲು ಬಂದೆನೆಂದುಕೊಂಡ ಟ್ರೆಡ್‌ವೆಲ್ ಅಷ್ಟು ಹತ್ತಿರ ಬಂದದ್ದರಿಂದಲೇ ಅವು ಸತ್ತವು. ಪ್ರಬಂಧ ಸಂಕಲನದ ಬಗ್ಗೆ, ಅದು ಅಲ್ಲಿ ಹೊಂದುವುದಿಲ್ಲ ಎಂದು ಅವಳು ಮೊದಲು ಹೇಳಿದಳು. ಮರುದಿನ ಕಳುಹಿಸಿದ ಕರಡು ಪ್ರತಿಯಲ್ಲಿ, ಹರ್ಟ್ಸೋಗ್ ಅವರ ಧ್ವನಿಯನ್ನು ನಿಲ್ಲಿಸಿ ನೋಡಿದ ಮುಖದ ವರ್ಣನೆಯಾದ ಕೂಡಲೇ, ಆ ಎರಡು ಕರಡಿಗಳ ಸಾವನ್ನು ಅವಳು ಬರೆದಿದ್ದಳು.