ಪೈಪಿನ ತುದಿ

ಇವತ್ತು ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಹೋಗಿದ್ದೆ. ರಕ್ತನಾಳಕ್ಕೆ ಔಷಧಿ ಕೊಡಲು ಒಂದು ಮಗುವಿನ ಎದೆಗೆ ಹಾಕಿದ್ದ ಪೈಪಿನ ತುದಿಯನ್ನು ನರ್ಸ್ ಉಜ್ಜುತ್ತಲೇ ಇದ್ದರು. ಸ್ಪಿರಿಟ್ ಹಚ್ಚಿ ತಿಕ್ಕಿ, ಒಣಗುವವರೆಗೂ ಕಾದು, ಆಮೇಲಷ್ಟೇ ಸಿರಿಂಜ್.

ಇಷ್ಟೊಂದು ಯಾಕೆ ಅಂದೆ. "ಯೀಸ್ಟ್" ಅಂದರು.

ಯೀಸ್ಟ್ ಅಂದರೆ ಕಣ್ಣಿಗೆ ಕಾಣದ ಒಂದು ಬಗೆಯ ಶಿಲೀಂಧ್ರ. ಎಲ್ಲೋ ಸುಮ್ನೆ ಬಿದ್ದಿರುವ, ನಮಗೆ ಸಾಮಾನ್ಯವಾಗಿ ಏನೂ ಮಾಡದ ಅಪರೂಪದ ಯೀಸ್ಟ್‌ಗಳು. ಕೀಮೋದಿಂದ ಬಿಳಿ ರಕ್ತಕಣ ಕಡಿಮೆಯಾದ ಮಗುವಿಗೆ ಮಾತ್ರ ಸೀದಾ ರಕ್ತಕ್ಕೇ ಇಳಿಯಬಹುದು. ಪೈಪಿನೊಳಗೆ ಪಾಚಿಯಂತೆ ಅಂಟಿಕೊಂಡರೆ ಔಷಧಿಯೂ ಸರಿಯಾಗಿ ನಾಟುವುದಿಲ್ಲ. ಎಷ್ಟೋ ಸಲ ಪೈಪನ್ನೇ ತೆಗೆಯಬೇಕು. ಪಾಪ, ಮತ್ತೆ ಚುಚ್ಚಬೇಕಲ್ವಾ?

2009ರಲ್ಲಿ ಜಪಾನಿನಲ್ಲಿ ಗುರುತಿಸಿದ ಕ್ಯಾಂಡಿಡಾ ಆರಿಸ್ ಎಂಬ ಯೀಸ್ಟ್ ಅಂತೂ ಮಂಚದ ಕಂಬಿಯ ಮೇಲೇ ವಾರಗಟ್ಟಲೆ ಬದುಕಬಲ್ಲದು.

ಎರಡು ಮೂರು ಮಕ್ಕಳಲ್ಲಿ ಒಂದೇ ಯೀಸ್ಟ್ ಸಿಕ್ಕಿತೋ, ಅದು ಎಲ್ಲಿಂದ ಬಂತು ಅಂತ ಹುಡುಕಾಟ ಶುರು. ಕೈ, ಸಿಂಕು, ಡ್ರಿಪ್ ಬಾಟಲಿ, ಯಾವುದನ್ನೂ ಬಿಡುವುದಿಲ್ಲ.