ಹುಳ ಬಿಟಿಗೆ ಒಗ್ಗಿಬಿಟ್ಟಾವೇನ್ರೀ?

ಕೃಷಿ ಓದಿದವನು ಅಂತ ಗೊತ್ತಾದರೆ ಸಾಕು, ಸಿಂದಗಿ ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕರೂ ಇದೇ ಪ್ರಶ್ನೆ: “ಹತ್ತ್ಯಾಗಿನ ಹುಳ ಬಿಟಿಗೆ ಒಗ್ಗಿಬಿಟ್ಟಾವೇನ್ರೀ?”

ಒಗ್ಗಿಲ್ಲ. ಬಾಯಿಂದ ಹೇಳಿ ಸಾಕಾಗಿದೆ, ಓದಿಕೊಳ್ಳಿ.

ಖಾರ ತಿಂದು ತಿಂದು ನಾಲಿಗೆಗೆ ರೂಢಿಯಾಗುತ್ತದಲ್ಲ, ಅದು ಒಗ್ಗುವುದು. ಹುಳದ ಕಥೆ ಅದಲ್ಲ. ಬಿಟಿ ಹತ್ತಿ ಅಂದರೆ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ, ಹುಳ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುತ್ತದೆ. ಆ ವಿಷ ಹುಳದ ಕರುಳಿನ ಒಂದು ಪ್ರೋಟೀನಿಗೆ ಅಂಟಿದರೆ ಮಾತ್ರ ಹುಳ ಸಾಯುತ್ತದೆ. ಲಕ್ಷಾಂತರ ಗುಲಾಬಿ ಕಾಯಿಕೊರಕಗಳಲ್ಲಿ, ಅಂದರೆ ನೀವು ಕೇಳುವ ಈ ಹುಳಗಳಲ್ಲಿ, ಎಲ್ಲೋ ಕೆಲವಕ್ಕೆ ಆ ಪ್ರೋಟೀನಿನ ಜೀನ್ ಹುಟ್ಟುವಾಗಲೇ ಬೇರೆ, ವಿಷ ಅಂಟುವುದಿಲ್ಲ. 2002ರಲ್ಲಿ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಮಿಕ್ಕವು ಸತ್ತವು, ಇವು ಬದುಕಿ ಮೊಟ್ಟೆ ಇಟ್ಟವು. ತಿಂದ ಹುಳ ಒಂದೂ ಬದಲಾಗಲಿಲ್ಲ, ಹೊಲದಲ್ಲಿ ಯಾವ ಥರದ್ದು ಎಷ್ಟು ಅನ್ನುವ ಲೆಕ್ಕ ಬದಲಾಯಿತು. ಒಂದೇ ಬಿಟಿ ಜೀನಿನ ಮೊದಲ ತಳಿಗಳು ಈ ಹುಳದ ಮುಂದೆ ಸೋತಿದ್ದು ಗುಜರಾತಿನಲ್ಲಿ 2010ರ ಹೊತ್ತಿಗೇ ಖಚಿತವಾಗಿತ್ತು.

“ಒಗ್ಗ್ಯಾವ” ಅಂದಾಗ ಸಿಟ್ಟು ಬರುವುದು ಯಾಕೆಂದರೆ, ಆ ಮಾತಿನಲ್ಲಿ ಎಲ್ಲವನ್ನೂ ಹುಳವೇ ಮಾಡಿದಂತೆ, ನಮ್ಮ ಕೈ ಏನೂ ಇಲ್ಲದಂತೆ ಆಗುತ್ತದೆ. ನೀವು ಕೇಳಬೇಕಾದ್ದು ಬೇರೆ: ಬೀಜದ ಚೀಲದ ಜೊತೆ ಬರುತ್ತಿದ್ದ ಸಣ್ಣ ಪಾಕೀಟು ಯಾತಕ್ಕಿತ್ತು?

450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜ. ಹೊಲದ ಸುತ್ತ ಅದನ್ನು ಬಿತ್ತಬೇಕಿತ್ತು. ನಮ್ಮ ಕಾಕಾ ಒಂದು ಮುಂಗಾರಿನಲ್ಲಿ ನನ್ನೆದುರೇ ಅದನ್ನು ಒಡ್ಡಿನ ಮೇಲೆ ಚೆಲ್ಲಿದ.

“ಕಾಕಾ, ಬಿತ್ತಬೇಕ್ರೀ ಅದನ್ನ.”

“ಹುಳಕ್ಕ ಮೇವು ಹಾಕಾಕ ನನಗೇನು ಹುಚ್ಚ ತಮ್ಮಾ?”

ಮೇವೇ ಕಾಕಾ! ಸಾದಾ ಗಿಡದ ಮೇಲೆ ಸಾದಾ ಹುಳ ಬದುಕಬೇಕು. ಅದರ ಪತಂಗ ಬಿಟಿಯಲ್ಲಿ ಉಳಿದ ಪತಂಗದೊಡನೆ ಕೂಡಿದರೆ ಮರಿಗೆ ಆ ಬೇರೆ ಜೀನು ಒಂದೇ ಕಡೆಯಿಂದ ಬರುತ್ತದೆ. ಅಂಥ ಮರಿ ಬಿಟಿ ಕಾಯಿ ತಿಂದರೆ ಸಾಯುತ್ತದೆ. ಅಪ್ಪ ಅವ್ವ ಇಬ್ಬರಿಂದಲೂ ಬಂದರಷ್ಟೇ ಉಳಿಯುತ್ತದೆ. ಸಾದಾ ಗಿಡವೇ ಇಲ್ಲದಿದ್ದರೆ ಬಿಟಿಯಲ್ಲಿ ಬದುಕಿ ಉಳಿದವು ತಮ್ಮಂಥವನ್ನೇ ಕೂಡುತ್ತವೆ, ಮರಿಗೆ ಆ ಜೀನು ಎರಡೂ ಕಡೆಯಿಂದ ಬರುತ್ತದೆ.

ಅಂದು ಇಷ್ಟನ್ನು ನಾನು ಬಿಡಿಸಿ ಹೇಳಲಿಲ್ಲ. “ಬಿತ್ತಬೇಕ್ರೀ” ಅಂದು ಸುಮ್ಮನಾದೆ. ಕೆಲವು ವರ್ಷಗಳ ಮೇಲೆ ಅದೇ ಹೊಲದಲ್ಲಿ ಕಾಕಾ ಒಂದು ಕಾಯಿ ಸೀಳಿ ನನ್ನ ಅಂಗೈ ಮೇಲಿಟ್ಟ. ಒಳಗೆ ಗುಲಾಬಿ ಹುಳ, ಸುತ್ತ ಕಲೆಬಿದ್ದ ಅರಳೆ.

“ಒಗ್ಗಿಬಿಟ್ಟಾವೇನೋ ತಮ್ಮಾ?” ಅಂದ.