ಬಣ್ಣ ಕಿತ್ತುಹೋದರೆ ಬ್ಯಾಂಕಿನವರ ಗಂಟೇನು ಹೋಗುತ್ತೆ?

ಉಗಾದಿ ಊಟವಿರಲಿ, ರಾಜ್ಯೋತ್ಸವವಿರಲಿ, ಅಮೆರಿಕದ ಕೊಲಂಬಸ್ಸಿನಲ್ಲಿ ನಾಲ್ಕು ಜನ ಕನ್ನಡದವರು ಸೇರಿದ ಕಡೆ ನನ್ನ ತಟ್ಟೆಗೆ ಹೋಳಿಗೆ ಬೀಳುವ ಮೊದಲೇ ಈ ಪ್ರಶ್ನೆ ಬೀಳುತ್ತದೆ. "ಅಕ್ಕಾ, ಮನೆ ತಗೊಳ್ಳೋರು ನಾವು, ಕಂತು ಕಟ್ಟೋರು ನಾವು. ಕಿಟಕಿ ಬಣ್ಣ ಕಿತ್ತುಹೋಗಿದ್ರೆ ಬ್ಯಾಂಕಿನವರ ಗಂಟೇನು ಹೋಗುತ್ತೆ?" ನಾನು ಅಪ್ರೈಸರ್. ಮನೆ ನೋಡಿ ಬೆಲೆ ಕಟ್ಟುವುದು ನನ್ನ ಕೆಲಸ, ಎಫ್‌ಎಚ್‌ಎ (ಮನೆಸಾಲಕ್ಕೆ ಜಾಮೀನು ನಿಲ್ಲುವ ಅಮೆರಿಕ ಸರ್ಕಾರದ ಸಂಸ್ಥೆ) ಸಾಲದ ಮನೆಗಳನ್ನೂ ನೋಡುತ್ತೇನೆ. ಹಳೇ ಮನೆಯ ಬಣ್ಣ ಎದ್ದಿದ್ದರೆ ಸರಿ ಮಾಡಿಸಿ ಅಂತ ಬರೆಯುತ್ತೇನೆ, ಅಲ್ಲಿವರೆಗೆ ಸಾಲ ನಿಲ್ಲುತ್ತದೆ. ಅದಕ್ಕೇ ಈ ಸಿಟ್ಟು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದು ಮುಗಿಸುತ್ತೇನೆ.

ಗಂಟು ಹೋಗುತ್ತೆ ಸ್ವಾಮಿ, ಅದಕ್ಕೇ ಇಷ್ಟೆಲ್ಲ. 1934ರಲ್ಲಿ ಹುಟ್ಟಿದ ಎಫ್‌ಎಚ್‌ಎ ತಾನು ಸಾಲ ಕೊಡುವುದಿಲ್ಲ, ಬ್ಯಾಂಕು ಕೊಟ್ಟ ಸಾಲಕ್ಕೆ ಜಾಮೀನು ನಿಲ್ಲುತ್ತದೆ. ನೀವು ಕೈಯಿಂದ ಹಾಕುವುದು ಮನೆ ಬೆಲೆಯ 3.5% ಇದ್ದರೂ ಸಾಕು. ನಾಳೆ ಕಂತು ಬಿಟ್ಟು ಎದ್ದುಹೋದರೆ ಬ್ಯಾಂಕಿಗಾದ ನಷ್ಟ ತುಂಬಿಕೊಡುವುದು ಅದು. ಜಾಮೀನು ನಿಲ್ಲುವವನು ಎತ್ತಿನ ಹಲ್ಲು ಹಿಡಿದು ನೋಡದೆ ಬಿಡುತ್ತಾನೆಯೇ? ವಿಮೆ ಅಂತ ಸಾಲದ 1.75% ಮೊದಲೇ ನಿಮ್ಮಿಂದ ವಸೂಲಾಗುತ್ತದೆ, ಆದರೆ ಆ ವಿಮೆ ಕಾಯುವುದು ಬ್ಯಾಂಕನ್ನು. ಸಿಟ್ಟು ಬರಬೇಕಾದ ಜಾಗ ಅದು. ನನ್ನ ತಟ್ಟೆ ಪಕ್ಕ ಅಲ್ಲ.

ಸೈನಿಕರಾಗಿದ್ದವರಿಗೆ 1944ರ ಕಾನೂನಿನಿಂದ ಬಂದ ವಿಎ ಸಾಲ, ಹಳ್ಳಿಗಾಡಿನ ಯುಎಸ್‌ಡಿಎ ಸಾಲ, ಇವುಗಳ ನಿಯಮದ ಪಟ್ಟಿ ಬೇರೆ, ಜಾತಿ ಒಂದೇ. ಎಚ್-1ಬಿ ವೀಸಾದವರು ಎಫ್‌ಎಚ್‌ಎ ಬಗ್ಗೆ ನನ್ನನ್ನು ಕೇಳಲೇಬೇಡಿ. 2025ರ ಮೇ 25ರಿಂದ ಆ ಬಾಗಿಲು ನಿಮಗೆ ಮುಚ್ಚಿದೆ, ಗ್ರೀನ್ ಕಾರ್ಡಾದರೂ ಬೇಕು.

ಇನ್ನು "ಸ್ವಲ್ಪ ಅಡ್ಜಸ್ಟ್ ಮಾಡ್ಬಹುದಿತ್ತಲ್ಲ" ಅನ್ನುವವರು. ನಾನು ಕೊಳೆ ಹುಡುಕಲು ಹೋಗುವವಳಲ್ಲ. ಅಡುಗೆಮನೆ ಜಿಡ್ಡು ಹಿಡಿದಿರಲಿ, ಕಾರ್ಪೆಟ್ಟು ಸವೆದಿರಲಿ, ಬಚ್ಚಲಿಗೆ ಯಾವ ಪುಣ್ಯಾತ್ಮನೋ ಗುಲಾಬಿ ಟೈಲ್ಸ್ ಹಾಕಿಸಿರಲಿ, ಅದಕ್ಕೆಲ್ಲ ರಿಪೇರಿ ಬರೆಯುವುದಿಲ್ಲ. ಒಳಗಿರುವವರಿಗೆ ಅಪಾಯವಿದೆಯೇ, ಕಟ್ಟಡ ಗಟ್ಟಿಯಿದೆಯೇ, ಅಡ ಇಟ್ಟ ಆಸ್ತಿ ಉಳಿಯುತ್ತದೆಯೇ, ಇಷ್ಟೇ ನೋಡುವುದು. ಸೂರಿಗೆ ಇನ್ನೆರಡು ವರ್ಷವಾದರೂ ಆಯಸ್ಸಿರಬೇಕು. ನಲ್ಲಿ ಬಿಟ್ಟು ನೋಡುತ್ತೇನೆ, ಫ್ಲಶ್ ಮಾಡುತ್ತೇನೆ, ಹೀಟರ್ ಹಚ್ಚುತ್ತೇನೆ. ಅಟ್ಟದೊಳಗೂ ನೆಲದಡಿಯ ಕ್ರಾಲ್ ಸ್ಪೇಸಿನೊಳಗೂ ತಲೆ, ಹೆಗಲು ತೂರಿಸಿ ನೋಡಲೇಬೇಕೆಂಬ ನಿಯಮವಿದೆ. ರೇಷ್ಮೆ ಸೀರೆಯಲ್ಲಿ ನನ್ನನ್ನು ಕಂಡವರು ಇದನ್ನು ನಂಬುವುದಿಲ್ಲ.

ಬಣ್ಣಕ್ಕೆ ಬರೋಣ. ಸೀಸ ಮೈಗೆ ವಿಷ. ಅಮೆರಿಕದಲ್ಲಿ ಮನೆಗೆ ಬಳಿಯುವ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಳೆಯ ಮನೆಯಲ್ಲಿ ಎಲ್ಲೇ ಬಣ್ಣ ಎದ್ದಿರಲಿ, ಒಳಗೆ, ಹೊರಗೆ, ಗ್ಯಾರೇಜಿಗೆ, ಬೇಲಿಗೆ, ಅದು ಸರಿಯಾಗದೆ ಎಫ್‌ಎಚ್‌ಎ ಸಾಲ ಮುಂದೆ ಹೋಗುವುದಿಲ್ಲ.

ಹಾಸನ ಕಡೆಯ ಒಬ್ಬ ಹುಡುಗ ಹೀಗೇ ಒಂದು 1952ರ ಮನೆಗೆ ಮನಸೋತ. ಪರಿಚಯದವನಾದ್ದರಿಂದ ಅದನ್ನು ನಾನು ನೋಡುವಂತಿರಲಿಲ್ಲ, ಬೇರೆಯವರು ನೋಡಿ ಗ್ಯಾರೇಜಿನ ಬಣ್ಣ ಸರಿ ಮಾಡಿಸಿ ಅಂತ ಬರೆದರು. ಮಾರುವವನು ತನ್ನಿಂದಾಗದು ಅಂತ ಕೈಯೆತ್ತಿಬಿಟ್ಟ. ನಮ್ಮ ಹುಡುಗ ತಾನೇ ಶನಿವಾರ ಏಣಿ ಹಾಕಿ ನಿಂತ. ಇನ್ನೂ ತನ್ನದಾಗದ ಮನೆ! ಫೋಟೋ ಕಳಿಸಿದ್ದ, ಹೆಮ್ಮೆಯಿಂದ. ಬಿಳಿ ಬಣ್ಣ ಒಣಗಿದ ಕೆರೆಯ ತಳದಂತೆ ಬಿರಿದಿದೆ, ಅದರಡಿ ಹಸಿರು, ಹಸಿರಿನಡಿ ಇನ್ನೊಂದು ಬಿಳಿ. ಒಣಗಿದ್ದನ್ನು ಹಾಗೇ ಕೆರೆದಿದ್ದಾನೆ, ನೀರು ಚಿಮುಕಿಸಿಲ್ಲ, ಕೆಳಗೆ ಪ್ಲಾಸ್ಟಿಕ್ ಹಾಸಿಲ್ಲ. ಹಪ್ಪಳದ ಚೂರಿನಂಥ ಚಕ್ಕೆಗಳು ಹುಲ್ಲಿನ ತುಂಬ. ಏಣಿ ಹಿಡಿದು ನಿಂತವಳು ಅವನ ಹೆಂಡತಿ, ಏಳು ತಿಂಗಳ ಬಸುರಿ.

ಫೋನಿನಲ್ಲೇ ಬೈದೆ. ಬಸುರಿಯ ಮೈಗೆ ಸೇರಿದ ಸೀಸ ಹೊಟ್ಟೆಯೊಳಗಿನ ಕೂಸಿಗೂ ಹೋಗುತ್ತದೆ. ನಾಳೆ ಆ ಕೂಸು ಅಂಬೆಗಾಲಿಡುವುದು, ಮಣ್ಣು ಬಾಯಿಗಿಡುವುದು ಅಲ್ಲೇ. ಸೀಸದ ಬಣ್ಣದ ಚಕ್ಕೆಗೆ ಸಿಹಿ ರುಚಿ ಬೇರೆ. ಅವನು "ಅಕ್ಕಾ, ಪಾಸಾಯ್ತಲ್ಲ" ಅಂದ. ಪಾಸಾಗಿತ್ತು ನಿಜ. ಮರುಪರಿಶೀಲನೆಗೆ ಬಂದವರು ಹೊಸ ಬಣ್ಣದ ಫೋಟೋ ತೆಗೆದುಕೊಂಡು ಹೋಗಿದ್ದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೃಹಪ್ರವೇಶವಾಗಿ ಎರಡೇ ತಿಂಗಳಿಗೆ ನೆಲಮಾಳಿಗೆಯ ಮೋರಿಯಿಂದ ಕೊಳಚೆ ಉಕ್ಕಿತು. ಅಂಗಳದ ಮೇಪಲ್ ಮರದ ಬೇರು ಹಳೇ ಮಣ್ಣಿನ ಪೈಪಿನೊಳಗೆ ಜಡೆ ಹೆಣೆದುಕೊಂಡು ಕೂತಿತ್ತು. "ಗವರ್ನಮೆಂಟಿನವರೇ ನೋಡಿ ಓಕೆ ಅಂದಿದ್ರಲ್ಲ ಅಕ್ಕಾ!" ಅಂದ. ಯಾರಪ್ಪಾ ನೋಡಿದ್ದು? ಫ್ಲಶ್ ಮಾಡಿದಾಗ ನೀರು ಹೋಯಿತು, ಅಷ್ಟೇ ನೋಡಿದ್ದು. ಪೈಪಿಗೆ ಕ್ಯಾಮೆರಾ ಇಳಿಸುವುದು ಅಪ್ರೈಸರ್ ಕೆಲಸವಲ್ಲ. ಅದನ್ನೆಲ್ಲ ನೋಡಲು ಹೋಮ್ ಇನ್‌ಸ್ಪೆಕ್ಟರ್ ಅಂತ ಬೇರೆ ಜನ ಇದ್ದಾರೆ, ಅವರನ್ನು ಕರೆಸುವುದು ಕೊಳ್ಳುವವನು, ತನ್ನ ದುಡ್ಡಲ್ಲಿ. ಇವನು ಬೇರೆ ಕೊಳ್ಳುವವರ ಮುಂದೆ ತನ್ನ ಆಫರ್ ಗೆಲ್ಲಲಿ ಅಂತ ಅದನ್ನೇ ಕೈಬಿಟ್ಟಿದ್ದ. ಎಫ್‌ಎಚ್‌ಎ ಸಾಲದವರಿಗೆಲ್ಲ ಒಂದು ಹಾಳೆ ಕೊಡುತ್ತಾರೆ, ಅದರ ತಲೆಬರಹವೇ ನಿಮ್ಮ ರಕ್ಷಣೆಗೆ ಮನೆ ತಪಾಸಣೆ ಮಾಡಿಸಿಕೊಳ್ಳಿ ಅಂತ. ಇವನ ಫೈಲಿನಲ್ಲೂ ಅದಿತ್ತು.

ಅವತ್ತಿನಿಂದ ಒಂದು ಪ್ರಶ್ನೆಗೆ ಕಾಯುತ್ತಿದ್ದೇನೆ. "ಯಾಕೆ ಬಣ್ಣಕ್ಕೆ ನಿಲ್ಲಿಸಿದ್ರಿ" ಅಲ್ಲ, "ಅಕ್ಕಾ, ನೀವು ಏನೇನು ನೋಡಲ್ಲ?" ಅಂತ. ಕೇಳಿ, ಕೂರಿಸಿಕೊಂಡು ಹೇಳುತ್ತೇನೆ. ಗೆದ್ದಲಿದ್ದರೂ ಕಣ್ಣಿಗೆ ಬಿದ್ದಷ್ಟೇ ನನಗೆ ಗೊತ್ತಾಗುವುದು, ಗೋಡೆಯೊಳಗಿನದು ಗೊತ್ತಾಗುವುದಿಲ್ಲ. ಸೂರನ್ನು ಸಾಮಾನ್ಯವಾಗಿ ನೆಲದ ಮೇಲೆ ನಿಂತೇ ನೋಡುವುದು. ಹಿಮ ಬಿದ್ದಿದ್ದರೆ ಅದೂ ಇಲ್ಲ. ಹೀಟರ್ ಹತ್ತಿಕೊಂಡರೆ ಸರಿ, ಬರುವ ಜನವರಿ ದಾಟುತ್ತದೆಯೇ ಅನ್ನುವುದನ್ನು ನಾನು ಹೇಳುವವಳಲ್ಲ. ನನ್ನ ಕಕ್ಷಿದಾರ ಬ್ಯಾಂಕು, ನೀವಲ್ಲ. ಫೀಸು ನಿಮ್ಮ ಜೇಬಿನಿಂದ ಬಂದರೂ ಅಲ್ಲ.

ನಾಳೆ ಬೆಳಗ್ಗೆ 1961ರದೊಂದು ಮನೆ ನೋಡಲು ಹೋಗಬೇಕು, ಕ್ರಾಲ್ ಸ್ಪೇಸ್ ಇದೆಯಂತೆ. ಟಾರ್ಚು, ಮಂಡಿಗೆ ಕಟ್ಟುವ ಪ್ಯಾಡು ಕಾರಿನಲ್ಲೇ ಇವೆ. ಭಾನುವಾರ ಊಟಕ್ಕೆ ಕರೆದವರು ಇದನ್ನು ಓದಿಕೊಂಡೇ ಎಲೆ ಹಾಕಿ. ಹೋಳಿಗೆಗೆ ತುಪ್ಪ ಸ್ವಲ್ಪ ಜಾಸ್ತಿಯಿರಲಿ.